ಹುಳಿಗೆ ಒಂದು ನಂಬರು

ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ
ಬೇಕರಿಯ ಮೇಲಿನ ಕೋಣೆ ನನ್ನದು.
ಒಂದು ಕಂಪ್ಯೂಟರು, ಎರಡು ಕುರ್ಚಿ,
ಗೋಡೆಯ ಮೇಲೆ ದರಪಟ್ಟಿ:
ಅರ್ಜಿಗೆ ಮುನ್ನೂರೈವತ್ತು, ನವೀಕರಣಕ್ಕೆ ಇನ್ನೂರು,
ತಪ್ಪು ತಿದ್ದುವುದಕ್ಕೆ, ಮಾತಾಡಿಕೊಳ್ಳೋಣ.

ಕಕ್ಕಡ ಕಳೆದ ಮೇಲೆ ಚೋಂದವ್ವ ಬಂದಳು.
ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು
ಹಳೇ ರಮ್ಮಿನ ಬಾಟಲಿ. ಒಳಗೆ ಕಾಚಂಪುಳಿ,
ಇದ್ದಿಲಿಗಿಂತ ಕಪ್ಪು, ಜೇನಿಗಿಂತ ಮಂದ.
"ಹಂಸ, ಅಂಗಡಿಯವನು ಇನ್ನು ಹೀಗೇ ಇಟ್ಟುಕೊಳ್ಳುವುದಿಲ್ಲವಂತೆ.
ನಂಬರು ಬೇಕಂತೆ. ಮಾಡಿಕೊಡು.
ಇದು ನಿನಗೆ."

ಪರದೆ ಕೇಳಿತು: ಯಾವ ವರ್ಗ?
ಹಣ್ಣಿನ ರಸವೋ, ಸಾಸೋ, ವಿನೆಗರೋ, ಮಸಾಲೆಯೋ?
ಒಂದೊಂದಕ್ಕೆ ಒಂದೊಂದು ತೆರಿಗೆ.
"ಹುಳಿ" ಅಂದಳು.
ಹುಳಿ ಎಂಬ ವರ್ಗವಿಲ್ಲ.
ಎಷ್ಟು ತಿಂಗಳು ಬಾಳುತ್ತದೆ?
"ನಮ್ಮತ್ತೆ ಕಾಯಿಸಿದ್ದು ಅಟ್ಟದಲ್ಲಿದೆ.
ಅತ್ತೆ ಹೋಗಿ ಹತ್ತೊಂಬತ್ತು ವರ್ಷ."
ತಿಂಗಳಿಗೆ ತಿರುಗಿಸಿದರೆ ಮೂರಂಕಿ,
ಪೆಟ್ಟಿಗೆಯಲ್ಲಿ ಜಾಗ ಎರಡಕ್ಕೆ.
ಹನ್ನೆರಡು ಎಂದು ಒತ್ತಿದೆ.
ಅವರ ಮನೆಯಲ್ಲಿ ಹಂದಿಗೆ, ನಮ್ಮ ಮನೆಯಲ್ಲಿ ಮೀನಿಗೆ ಬೀಳುವ ಹುಳಿಗೆ
ಸಸ್ಯಾಹಾರದ ಹಸಿರು ಚುಕ್ಕೆ ಬಂತು.
ಆವತ್ತು ಅವಳು ನಕ್ಕದ್ದು ಅದೊಂದಕ್ಕೇ.

ನ್ಯಾಯವಾಗಿ ಹೇಳಬೇಕು.
ಹಿಂದಿನ ವರ್ಷ ಯಾವನೋ ಆಸಿಡ್ಡಿಗೆ ಸುಟ್ಟ ಸಕ್ಕರೆ ಕಲಸಿ
ರಸ್ತೆ ಬದಿಯಲ್ಲಿ ಪ್ರವಾಸಿಗಳಿಗೆ ಮಾರಿದ್ದ.
ನನ್ನ ತಂಗಿಯ ಮಗನ ನಾಲಿಗೆ ಬೆಂದಿತ್ತು,
ನಾಲ್ಕು ದಿನ ಗಂಜಿಯೂ ಇಳಿಯಲಿಲ್ಲ.
ಕಾನೂನು ಯಾಕೆ ಎನ್ನಲು ನನಗೆ ಬಾಯಿಲ್ಲ.
ಆದರೆ ಅವನ ಬಾಟಲಿಗೆ ಚೀಟಿ ಇತ್ತು.
ನಂಬರೂ ಇತ್ತು, ಎಷ್ಟು ಚಂದದ ಅಕ್ಷರ.

ಸರ್ಕಾರದ ಶುಲ್ಕ ನೂರೇ ರೂಪಾಯಿ.
ಆ ನೂರನ್ನು ತಲುಪಿಸಲು ಎಷ್ಟಾಯಿತೆಂದು
ಅವಳು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಟ್ಟಿದ್ದಳು.
ಮಡಿಕೇರಿಗೆ ಬಸ್ಸು, ಮೂರು ಸಲ:
ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿ,
ಎರಡನೇ ಸಲ ಸರ್ವರು ಮಲಗಿತ್ತು,
ಮೂರನೇ ಸಲ ಆಧಾರಿನಲ್ಲಿ ಚೋಂದಮ್ಮ, ಪಹಣಿಯಲ್ಲಿ ಚೋಂದವ್ವ,
ಇಬ್ಬರೂ ಒಬ್ಬಳೇ ಎನ್ನಲು ನೋಟರಿ.
ಬಾವಿಯ ನೀರು ಮೈಸೂರಿಗೆ, ಪರೀಕ್ಷೆಗೆ.
ಅವಳಿಲ್ಲದ ದಿನ ಬುಟ್ಟಿಯಲ್ಲೇ ಕೊಳೆತ ಹಣ್ಣು
(ಇದಕ್ಕೆ ಎದುರು ಮೊತ್ತ ಬರೆದಿರಲಿಲ್ಲ).
ಕೊನೆಗೆ: ಹಂಸ, ಮುನ್ನೂರೈವತ್ತು.
ನನ್ನ ಹೆಸರು ಅಲ್ಲಿ ನೋಡಿ
ಪ್ರಿಂಟರಿನ ಕಡೆ ತಿರುಗಿದೆ, ಏನೋ ಕೆಲಸವಿದ್ದ ಹಾಗೆ.
ವಾಪಸು ಕೊಡಲಿಲ್ಲ.

ಚೀಟಿ ಅಚ್ಚಿಗೆ ಪ್ರೆಸ್ಸಿನವನು
ಸಾವಿರಕ್ಕಿಂತ ಕಡಿಮೆ ಮುಟ್ಟುವುದಿಲ್ಲ.
ಅವಳು ವರ್ಷಕ್ಕೆ ಕಾಯಿಸುವುದು ಅರವತ್ತು ಬಾಟಲಿ.
ಹದಿನಾರು ವರ್ಷದ ಚೀಟಿ ಒಂದೇ ಆಟೋದಲ್ಲಿ ಮನೆಗೆ ಹೋಯಿತು.
ಮಾರ್ಚಿಗೆ ತಿದ್ದುಪಡಿ ಬಂತು:
ಅಕ್ಷರ ಇನ್ನೊಂದು ಮಿಲಿಮೀಟರು ದೊಡ್ಡದು,
ದೂರಿಗೆ ಒಂದು ಫೋನು, ಒಂದು ಈಮೇಲು.
"ದೂರು ಇದ್ದರೆ ಸೀದಾ ಮನೆಗೇ ಬರುತ್ತಾರಲ್ಲ" ಅಂದಳು.
ಅದನ್ನು ಬರೆಯಲು ಬರುವುದಿಲ್ಲ ಅಂದೆ.

ಈ ವರ್ಷ ಬಂದಾಗ ಬಾಟಲಿ ತರಲಿಲ್ಲ.
"ಮುಚ್ಚುವುದಕ್ಕೂ ಅರ್ಜಿ ಇದೆಯಾ?"
ಇದೆ.
ಕಾರಣದ ಜಾಗದಲ್ಲಿ ನಾಲ್ಕು ಆಯ್ಕೆ:
ನಷ್ಟ, ಸ್ಥಳಾಂತರ, ಮರಣ, ಇತರೆ.
"ನಷ್ಟ ಹಾಕಬೇಡ. ಹುಳಿ ನನಗೆ ಒಂದು ದಿನವೂ ನಷ್ಟ ಮಾಡಿಲ್ಲ."
ಇತರೆ ಒತ್ತಿದೆ.
ವಿವರಿಸಿ, ಎಂದಿತು, ಐವತ್ತು ಅಕ್ಷರ ಮೀರದಂತೆ.
ಇಬ್ಬರೂ ಸುಮ್ಮನೆ ಕೂತೆವು.
ಕೆಳಗೆ ಬೇಕರಿಯವನು ಬನ್ನಿನ ತಟ್ಟೆ ಎಳೆಯುವ ಸದ್ದು.
ಕೊನೆಗೆ ಒಂದು ಚುಕ್ಕೆ ಇಟ್ಟೆ. ಒಪ್ಪಿಕೊಂಡಿತು.

ಹೋಗುವಾಗ ಒಂದು ಕಟ್ಟು ಇಟ್ಟು ಹೋದಳು,
"ಹಿಂಬದಿ ಖಾಲಿ ಇದೆ, ಲೆಕ್ಕ ಬರೆಯಲು ಆಗುತ್ತದೆ ನಿನಗೆ."
ಈಗ ಅದರ ಮೇಲೆಯೇ ರಸೀದಿ ಬರೆಯುತ್ತೇನೆ.
ಮೊನ್ನೆ ಹೋಂಸ್ಟೇಯ ನವೀಕರಣಕ್ಕೆ ಬಂದ ಹುಡುಗ
ರಸೀದಿ ಮಗುಚಿ ನೋಡಿ ಕೇಳಿದ:
ಇದು ಎಲ್ಲಿ ಸಿಗುತ್ತೆ? ನಮಗೆ ವಾರಕ್ಕೆ ಎರಡು ಬೇಕು.

ಸಿಗಲ್ಲ ಅಂದೆ.
ಮೇಜಿನ ಕೆಳಗೆ, ಕಾಲಿನಲ್ಲಿ,
ರಮ್ಮಿನ ಬಾಟಲಿಯನ್ನು ಇನ್ನಷ್ಟು ಒಳಗೆ ಸರಿಸಿದೆ.